ಹಿಂಡಿ ಅಗಿಯುವ ಗಾದ್ರಪ್ಪ

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಗಾದ್ರಪ್ಪನಿಗೆ ಮೂಟೆ ಹೊರುವ ಕೆಲಸ. ಆದರೆ ಸಾಹುಕಾರ ಸೋಮಶೇಖರಪ್ಪ ಅವನನ್ನು ಇಟ್ಟುಕೊಂಡಿದ್ದು ಹೆಗಲಿಗಲ್ಲ, ಬಾಯಿಗೆ. ಶೇಂಗಾದ ಎಣ್ಣೆ ಇಳಿದ ಮೇಲೆ ಉಳಿಯುವ ಹಿಂಡಿಯನ್ನು ದನಕ್ಕೆಂದು ಕೊಳ್ಳಲು ಬಂದವರು ಅನುಮಾನಿಸಿದರೆ, "ಗಾದ್ರಪ್ಪಾ, ಬಾರೋ ಇಲ್ಲಿ" ಎಂದು ಸಾಹುಕಾರ ಗಾದಿಯ ಮೇಲಿಂದಲೇ ಕರೆಯುತ್ತಿದ್ದ. ಗಾದ್ರಪ್ಪ ಮೂಟೆಯಿಂದ ಒಂದು ಚೂರು ತೆಗೆದು ಅವರ ಕಣ್ಣೆದುರೇ ಅಗಿದು ನುಂಗುತ್ತಿದ್ದ. ಮಾರುವವನು ತಿಂದು ತೋರಿಸುವುದು ನಮ್ಮ ಕಡೆಯ ರೂಢಿ. ಸಾಹುಕಾರನ ಬಾಯಿಗೆ ಹಿಂಡಿ ರುಚಿಸದು, ಅದಕ್ಕೇ ಈ ಬಾಡಿಗೆ ಬಾಯಿ.

ಅಗಿದ ಮೇಲೂ ತಕರಾರು ತೆಗೆದವರಿಗೆ ಅವನ ಉತ್ತರ ಕೈಯಲ್ಲೇ. ಒಬ್ಬನ ಹಲ್ಲು ಮಿಲ್ಲಿನ ಅಂಗಳದಲ್ಲೇ ಉದುರಿತ್ತು, ಆಟೋದವನೊಬ್ಬನ ಕಿವಿ ಹರಿದಿತ್ತು. ಹೆಂಡತಿ ಬೋರಕ್ಕ ಹೊಡೆತ ತಾಳಲಾರದೆ ಮೊಳಕಾಲ್ಮೂರಿನ ತವರಿಗೆ ಹೋದವಳು ಮಗ್ಗದ ಮನೆಯಲ್ಲಿ ನೂಲು ಸುತ್ತಿಕೊಂಡು ಅಲ್ಲೇ ಉಳಿದಳು. ಸರಿಯಾಗೇ ಮಾಡಿದಳು. ಆದರೂ ಒಂದು ಮಾತು ಹೇಳಬೇಕು, ಅವನ ಬಾಯಿ ಸುಳ್ಳಾಡಿದ್ದನ್ನು ಯಾರೂ ಕಂಡಿರಲಿಲ್ಲ. ಮುಗ್ಗಲು ಹಿಂಡಿಯಾದರೆ ಸಾಹುಕಾರನ ಮುಂದೆಯೇ ಉಗಿಯುತ್ತಿದ್ದ. ಜನ ನಂಬಿದ್ದು ಅದಕ್ಕೆ.

ಎರಡು ಸಾವಿರದ ಮೂರರಲ್ಲಿ ಮಿಲ್ಲಿಗೆ ಶೇಂಗಾ ಬಂದದ್ದು ಕಡಿಮೆ. ಹಿಂಡಿ ಕೇಳುವವರು ಮಾತ್ರ ಕಡಿಮೆಯಾಗಲಿಲ್ಲ. ಸಾಹುಕಾರ ಹರಳೆಣ್ಣೆ ತೆಗೆದ ಮೇಲೆ ಹೊಲಕ್ಕೆ ಗೊಬ್ಬರವಾಗಿ ಹಾಕುವ ಹರಳು ಹಿಂಡಿಯನ್ನು ಗುಟ್ಟಾಗಿ ತರಿಸಿ ಬೆರೆಸಿದ. ಹರಳು ಹಿಂಡಿ ದನಕ್ಕೆ ವಿಷ ಎಂದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಮೂಟೆಯ ಬಾಯಲ್ಲಷ್ಟೇ ಅಪ್ಪಟ ಶೇಂಗಾ ಹಿಂಡಿ. ಗಾದ್ರಪ್ಪ ಅಗಿಯುತ್ತಿದ್ದುದು ಅದನ್ನು.

ದೊಡ್ಡಉಳ್ಳಾರ್ತಿಯ ಜೋಗಪ್ಪ ಒಂದು ಮೂಟೆ ಒಯ್ದ. ವಾರದೊಳಗೆ ಅವನ ಜೋಡೆತ್ತು ರಕ್ತಭೇದಿಯಾಗಿ ಸತ್ತವು. ಉಳಿದ ಅರ್ಧ ಮೂಟೆಯನ್ನು ಬಸ್ಸಿಗೆ ಹಾಕಿಕೊಂಡು ಅವನು ಮಿಲ್ಲಿಗೆ ಬಂದ. ಪಕ್ಕದ ಹೊಲದವನಾದ ನಾನೂ ಜೊತೆಗಿದ್ದೆ.

"ನಿನ್ ಬಾಯಿ ನಂಬಿ ತಗಂಡೋದೆ ಕಣ್ಲಾ. ಅದ್ರಲ್ಲಿ ಸುಳ್ಳು ಇಟ್ಕಂಡಿದ್ಯಲ್ಲೋ" ಎಂದು ಜೋಗಪ್ಪ ಗಾದ್ರಪ್ಪನ ಮುಂದೆ ಮೂಟೆ ಕೆಡವಿದ.

ಗಾದ್ರಪ್ಪ ಗೋಡೆಗೊರಗಿದ್ದ ಬಡಿಗೆ ಎತ್ತಿ ಬೀಸಿದ. ಜೋಗಪ್ಪನ ಎಡಗೈ ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಎತ್ತು ಸತ್ತರೆ ಎತ್ತಿನವನ ಕೈ ಮುರಿಯುವುದನ್ನು ಅವತ್ತು ಕಂಡೆ. ಬಿದ್ದವನ ಎದೆಯ ಮೇಲೆ ಮೊಣಕಾಲೂರಿ ಗಾದ್ರಪ್ಪ ಅವನದೇ ಮೂಟೆಯ ತಳಕ್ಕೆ ಕೈ ಹಾಕಿದ. ಹಿಡಿ ತುಂಬ ತೆಗೆದು ಬಾಯಿಗೆ ತುರುಕಿಕೊಂಡ.

"ನೋಡ್ಕಾ" ಎಂದು ಅಗಿದ.

"ಲೇ, ಅದು ಬ್ಯಾಡ, ಉಗಿಯೋ" ಎನ್ನುತ್ತ ಸಾಹುಕಾರ ಗಾದಿಯಿಂದ ಓಡಿ ಬಂದ.

ಗಾದ್ರಪ್ಪ ನುಂಗಿ ಆಗಿತ್ತು. ಸಾಹುಕಾರನ ಮುಖವನ್ನೊಮ್ಮೆ ನೋಡಿದ. ಎಲ್ಲ ತಿಳಿಯಿತು. ಎದ್ದವನೇ ಅವನ ಕುತ್ತಿಗೆ ಹಿಡಿದು ಮೂಟೆಯ ಮೇಲೆ ಕೆಡವಿ, ದವಡೆಗೆ ಗುದ್ದಿ, ಒಡೆದ ಬಾಯಿಗೆ ಅದೇ ಹಿಂಡಿಯನ್ನು ಹಿಡಿ ಹಿಡಿಯಾಗಿ ತುರುಕಿದ. ಬಿಡಿಸಲು ಹೋದವರಿಗೂ ಏಟು ಬಿದ್ದವು. ನಾನು ಬಿಡಿಸಲು ಹೋಗಲಿಲ್ಲ. ಆ ರಾತ್ರಿ ದೊಡ್ಡಾಸ್ಪತ್ರೆಯಲ್ಲಿ ಸಾಹುಕಾರನೂ ಆಳೂ ಅಕ್ಕಪಕ್ಕದ ಮಂಚದಲ್ಲಿ ರಕ್ತ ಕಾರುತ್ತಿದ್ದರು. ಆಚೆ ಮಂಚದಲ್ಲಿ ಜೋಗಪ್ಪ ಮುರಿದ ಕೈ ಹಿಡಿದುಕೊಂಡು ಎತ್ತುಗಳ ಹೆಸರು ಹೇಳಿ ಅಳುತ್ತಿದ್ದ.

ಹೊಡೆದಾಟದ ಕೇಸಿನಲ್ಲಿ ಜಾಮೀನಿನ ಮೇಲೆ ಹೊರಬಂದಾಗ ಗಾದ್ರಪ್ಪ ಅರ್ಧ ಆಳಾಗಿದ್ದ. ನೇರ ಜೋಗಪ್ಪನ ಹೊಲಕ್ಕೆ ಬಂದ. ಶೇಂಗಾ ಸಾಲುಗಳಲ್ಲಿ ಕಳೆ ಎದ್ದಿತ್ತು, ಕುಂಟೆ ಎಳೆದು ಎಡೆ ಹೊಡೆಯಲು ಎತ್ತಿರಲಿಲ್ಲ. ಜೋಗಪ್ಪ ಕೊರಳಿಗೆ ಕೈ ಕಟ್ಟಿಕೊಂಡು ಬದುವಿನ ಮೇಲೆ ಕೂತಿದ್ದ. ಹೆಂಡತಿ ಜುಂಜಮ್ಮ ಕುಕ್ಕರುಗಾಲಲ್ಲಿ ಕೂತು ಒಬ್ಬಳೇ ಕಳೆ ಕೀಳುತ್ತಿದ್ದಳು.

"ಯಾಕ್ ಬಂದೆ? ಇನ್ನೊಂದು ಕೈನೂ ಉಳದೈತೆ ಅಂತನಾ?" ಎಂದ ಜೋಗಪ್ಪ.

"ತಪ್ಪಾತು ಜೋಗಣ್ಣ."

"ಕೈ ಕೂಡ್ಕಂತೈತೆ ಬಿಡು. ಎತ್ತು ಕೊಂದಿದ್ದು ನಿನ್ ಬಾಯಿ."

ಗಾದ್ರಪ್ಪನ ಕೈ ಈ ಸಲ ಏಳಲಿಲ್ಲ. ಬದುವಿನಲ್ಲಿ ಬಿದ್ದಿದ್ದ ಎಡೆಕುಂಟೆಯ ಹಗ್ಗವನ್ನು ಹೆಗಲಿಗೆ ಬಿಗಿದುಕೊಂಡು ಸಾಲಿನ ಮುಂದೆ ನಿಂತ. ಜುಂಜಮ್ಮ ಗಂಡನ ಮುಖ ನೋಡಿದಳು. ಆಮೇಲೆ ಬಂದು ಕುಂಟೆ ಹಿಡಿದಳು.

ಅರ್ಧ ಸಾಲಿಗೆ ಅವನ ಕಾಲು ಕುಸಿಯಿತು. ಜೋಗಪ್ಪ ಬಾರುಕೋಲು ಹಿಡಿದು ಎದ್ದು ಬಂದು ಬೆನ್ನಿಗೆ ಬೀಸಿದ. ಅಂಗಿ ಹರಿದು ರಕ್ತ ಒಸರಿತು. ಮತ್ತೆ ಬೀಸಿದ, ಮತ್ತೆ. ನಾನು ನನ್ನ ಹೊಲದ ಬದುವಿನಲ್ಲೇ ನಿಂತಿದ್ದೆ. ಗಾದ್ರಪ್ಪ ತಿರುಗಿ ನೋಡಲಿಲ್ಲ. ಮೊಣಕಾಲೂರಿ ಎದ್ದ, ಎಳೆದ.

ಸಾಲು ಮುಗಿದಾಗ ಜೋಗಪ್ಪ, ಅಭ್ಯಾಸವೋ ಏನೋ, ಎತ್ತು ನಿಲ್ಲಿಸಲು ಅನ್ನುವಂತೆಯೇ "ಹೋ... ಹೋ..." ಅಂದ. ಅಂದವನು ಬಾರುಕೋಲು ಬಿಸಾಡಿ ಮುಖ ಮುಚ್ಚಿಕೊಂಡ.

ಗಾದ್ರಪ್ಪ ನಿಂತ. ಆಮೇಲೆ ಪಕ್ಕದ ಸಾಲಿಗೆ ತಿರುಗಿದ.