ಕರೆಂಟಿಲ್ಲದ ಸ್ಮಾರ್ಟ್ ಬೋರ್ಡಿನಲ್ಲಿ ಕೊನೆಯ ಪಾಠ

ಗೆಳೆಯರೇ, ಇವತ್ತು ಮೇಷ್ಟ್ರ ಕೆಲಸದಿಂದ ನಿವೃತ್ತನಾದೆ. ಕೊಪ್ಪದ ಹತ್ತಿರದ ನಮ್ಮ ಶಾಲೆಗೆ ಬೀಳ್ಕೊಡುಗೆಗೆಂದು ಬಂದ ಶಿಕ್ಷಣ ಇಲಾಖೆಯ ಸಾಹೇಬರಿಗೆ, ನಾನು ಹೊಸ ಸ್ಮಾರ್ಟ್ ಬೋರ್ಡಿನಲ್ಲಿ ಪಾಠ ಮಾಡುತ್ತಿರುವ ಫೋಟೊ ಬೇಕಾಗಿತ್ತು. ಬೆಳಗ್ಗೆಯಿಂದ ಕರೆಂಟೇ ಇರಲಿಲ್ಲ. ಹಳೆ ಕರಿಹಲಗೆಯಲ್ಲಿ ಬರೆಯೋಣವೆಂದು ನಾನು ಸೀಮೆಸುಣ್ಣ ತೆಗೆದೆ. ಸಾಹೇಬರು ತಡೆದರು:

“ಅದು ಬೇಡ ಮಾರಾಯ್ರೆ! ಫೋಟೊದಲ್ಲಿ ಕಂಡ್ರೆ ಮೇಲಿನವ್ರು ನನ್ನ ಕೇಳ್ತಾರೆ. ನಂಗೆ ಶೃಂಗೇರಿಗೆ ಬೇರೆ ಹೋಗ್ಬೇಕು. ಸುಮ್ನೆ ಬೋರ್ಡ್ ಕಡೆ ಕೈ ತೋರ್ಸಿ. ಮಕ್ಳೇ, ಉತ್ತರ ಗೊತ್ತಿರೋರ ಥರ ಎಲ್ರೂ ಕೈ ಎತ್ತಿ!”

ಆರನೇ ಕ್ಲಾಸಿನ ಸುಮಾ ಕೇಳಿದಳು: “ಪ್ರಶ್ನೆನೇ ಕಾಣ್ತಿಲ್ವಲ್ಲ ಸಾರ್, ಎಂತ ಉತ್ತರ ಹೇಳೋದು?”

“ಉತ್ತರ ಯಾರಿಗೆ ಬೇಕು? ಕೈ ಎತ್ತಿದ್ರೆ ಸಾಕು.”

ಅವಳ ಬೆನ್ನು ತಟ್ಟಬೇಕಿತ್ತು. ಆದರೆ ನನ್ನ ಪಿಂಚಣಿ ಕಾಗದಕ್ಕೆ ಸಾಹೇಬರ ಸಹಿ ಇನ್ನೂ ಬಿದ್ದಿಲ್ಲ. ನಾಚಿಕೆ ಬಿಟ್ಟು ಕಪ್ಪು ಪರದೆಯತ್ತ ಕೈ ತೋರಿಸಿ ನಕ್ಕೆ.

ಸಂಜೆ ಆ ಫೋಟೊವನ್ನು ಶಾಲೆಯ ಗ್ರೂಪಿಗೆ ಹಾಕಿದೆ. ಎಲ್ಲ ಮಕ್ಕಳ ಕೈಯೂ ಮೇಲಿತ್ತು, ಸುಮಾಳದೊಂದನ್ನು ಬಿಟ್ಟು. ಈಗಷ್ಟೇ ಸಾಹೇಬರ ಮೆಸೇಜು ಬಂತು: “ಆ ಹುಡುಗಿನ ಕಟ್ ಮಾಡಿ ಇನ್ನೊಂದ್ಸಲ ಹಾಕಿ.”

ಇವತ್ತು ನನ್ನ ಕ್ಲಾಸಿನಲ್ಲಿ ತಲೆ ಓಡಿಸಿದ್ದು ಅವಳೊಬ್ಬಳೇ. ಕೆಲಸ ಬಿಟ್ಟ ಮೇಲೂ ನನ್ನಿಂದ ಈ ತಿದ್ದುಪಡಿ ಆಗಬೇಕಂತೆ.