ಎರಡು ಕಡೆಗೆ ಎರಡು ಅಳತೆ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಒಂದು ಗಂಟು ಎದ್ದಿತ್ತು. ಹುಣಸೆ ಬೀಜದಷ್ಟು ದಪ್ಪ, ಹೆಚ್ಚುಕಡಿಮೆ ಅದೇ ಬಣ್ಣ. ಮಾತಾಡುವಾಗ ಆ ಗಂಟನ್ನು ತೋರುಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದರು. ಸಿಟ್ಟು ಬಂದಿದ್ದರೆ ಜೋರಾಗಿ ಉಜ್ಜುತ್ತಿದ್ದರು. ಹಾಗಾಗಿ ಬಾಗಿಲಲ್ಲೇ ನಿಂತು ಮೊದಲು ಅವರ ಕೈ ನೋಡಿ, ಆಮೇಲೆ ಒಳಗೆ ಕಾಲಿಡುವುದು ನಮಗೆಲ್ಲ ರೂಢಿಯಾಗಿತ್ತು.

ಬಟವಾಡಿಯಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸು ದಾಟಿದರೆ ಒಂದು ಕ್ಲಿನಿಕ್ಕು, ಅದರ ಪಕ್ಕದ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬೋರ್ಡು ಇರಲಿಲ್ಲ. ಓಣಿಯ ಹೆಂಗಸರಿಗೆಲ್ಲ ಅವರು ಟೈಲರಮ್ಮ. ಚೇಳೂರಿನ ಕಡೆಯವರು, ಗಂಡ ತೀರಿಕೊಂಡ ಮೇಲೆ ಮಗನನ್ನು ಕರೆದುಕೊಂಡು ತುಮಕೂರಿಗೆ ಬಂದು ಮೆಷಿನ್ ಇಟ್ಟುಕೊಂಡವರು. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಮೆಷಿನ್ನಿನ ಮುಂದೆ ಕೂತರೆ ಮಧ್ಯಾಹ್ನದ ಹೊತ್ತಿಗೆ ಆ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿನವರೆಗೂ ಇಳಿದಿರುತ್ತಿತ್ತು. ಬಟ್ಟೆಯ ಮೇಲೆ ಗುರುತು ಹಾಕಲು ಚಾಕ್ ಬಳಸುತ್ತಿರಲಿಲ್ಲ. ಸ್ನಾನದ ಸೋಪು ಸವೆದು ಎಲೆಯಷ್ಟು ತೆಳ್ಳಗಾದಾಗ ಅದನ್ನು ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ನಾವೂ ನಮ್ಮ ಮನೆಯ ಸೋಪಿನ ಚೂರುಗಳನ್ನು ತಂದು ಕೊಡುತ್ತಿದ್ದೆವು. ಕೊಟ್ಟವರಿಗೆ ಬ್ಲೌಸು ಬೇಗ ಸಿಗುತ್ತದೆ ಎಂಬುದು ನಮ್ಮ ನಂಬಿಕೆ. ಸಿಗುತ್ತಿರಲಿಲ್ಲ. ಎಲ್ಲರಿಗೂ ಒಂದೇ ಉತ್ತರ: "ನಾಳಿಕ್ ಬನ್ನಿ."

ಅವರು ಯಾರ ಮೈಗೂ ಟೇಪು ಹಿಡಿದವರಲ್ಲ. ನಮ್ಮ ಕಡೆ ಹೆಂಗಸರು ಟೈಲರ್ ಹತ್ತಿರ ಹೋಗುವಾಗ ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸನ್ನು ಅಳತೆಗೆಂದು ತೆಗೆದುಕೊಂಡು ಹೋಗುತ್ತೇವೆ. ಅದರ ಮೇಲೇ ಹೊಸದು ಹೊಲಿಯಬೇಕು. "ಟೇಪ್ ತೋರ್ಸುದ್ರೆ ಸಾಕು, ಹೆಂಗುಸ್ರು ಉಸ್ರು ಬಿಗಿ ಹಿಡೀತಾರೆ. ಆಮೇಲ್ ಬ್ಲೌಸ್ ಬಿಗಿ ಅಂತ ನನ್ ಮೇಲ್ ಬತ್ತಾರೆ," ಎನ್ನುತ್ತಿದ್ದರು. ಹದಿನೈದು ವರ್ಷ ನನ್ನ ಅಳತೆಯ ಬ್ಲೌಸು ಅವರ ಬಳಿ ಹೋಗಿ ಬರುತ್ತಲೇ ಇತ್ತು. ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಿನಾ ಸೀರೆ, ದಿನಾ ಬಸ್ಸು. ಅವರಿಗೆ ನಾನು ಒಳ್ಳೆಯ ಗಿರಾಕಿ.

ನನಗೆ ಕಾಯಿಲೆ ಬಂದು ಬಲಗಡೆಯ ಎದೆಯನ್ನು ಪೂರ್ತಿ ತೆಗೆದರು. ಮತ್ತೊಂದು ಆಪರೇಷನ್ ಮಾಡಿ ಹೊಸದಾಗಿ ಕಟ್ಟಿಕೊಡಬಹುದು ಎಂದು ಡಾಕ್ಟರು ಹೇಳಿದರು. ಬೇಡ ಎಂದೆ. ಧೈರ್ಯ ಗೀರ್ಯ ಏನೂ ಅಲ್ಲ, ಆಸ್ಪತ್ರೆಯ ಮಂಚ ಸಾಕಾಗಿತ್ತು. ನನ್ನ ಗಂಡ "ನಿನ್ ಮೈ, ನಿನ್ನಿಷ್ಟ" ಎಂದರು. ಆಸ್ಪತ್ರೆಯವರು ಬೇಕಾದ ಔಷಧಿ, ಬೇಡವಾದ ಊಟ, ಬಲಗೈಗೆ ಸೂಜಿ ಚುಚ್ಚಿಸಬಾರದು, ಭಾರ ಎತ್ತಬಾರದು ಎಲ್ಲವನ್ನೂ ಬರೆದುಕೊಟ್ಟರು. ನಾಳೆ ಬೆಳಿಗ್ಗೆ ಏನು ತೊಟ್ಟುಕೊಂಡು ಕೆಲಸಕ್ಕೆ ಹೋಗಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಜೀವ ಉಳಿದಿರುವಾಗ ಬ್ಲೌಸಿನ ಮಾತು ಎತ್ತುವುದಕ್ಕೆ ನಾಚಿಕೆ.

ರಜೆ ಮುಗಿಯುವ ಹೊತ್ತಿಗೆ ನಾನೊಂದು ತಪ್ಪು ಮಾಡಿದೆ. ಆರು ಬ್ಲೌಸ್ ಪೀಸು, ಜೊತೆಗೆ ಅದೇ ಹಳೆಯ ಅಳತೆಯ ಬ್ಲೌಸು ಚೀಲಕ್ಕೆ ಹಾಕಿ, "ಮೊದಲಿನ ಹಾಗೇ ಹೊಲಿಯಲು ಹೇಳಿ" ಎಂದು ಗಂಡನ ಕೈಲಿ ಕಳಿಸಿದೆ. ಟೈಲರಮ್ಮನಿಗೆ ವಿಷಯ ಗೊತ್ತಿರಲಿಲ್ಲ, ಮೊದಲಿನ ಹಾಗೇ ಹೊಲಿದರು. ಬಲಗಡೆ ಖಾಲಿ ಬಿದ್ದ ಜಾಗಕ್ಕೆ ನಾನು ಹತ್ತಿ ತುಂಬಿದೆ. ಅದರ ಮೇಲೊಂದು ಕರ್ಚೀಫು.

ಗಣಿತದ ಟೀಚರಿಗೆ ಬೋರ್ಡಿನ ಮೇಲೆ ಬರೆಯದೆ ಗತಿಯಿಲ್ಲ. ಮೂರನೆಯ ದಿನ ಒಂದು ಉದ್ದದ ಲೆಕ್ಕ ಬಿಡಿಸುತ್ತ ಬಲಗೈ ಮೇಲೆತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಪ್ರತಿ ಸಲವೂ ಹತ್ತಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹತ್ತುತ್ತಿತ್ತು. ಸೆರಗು ಎಡ ಹೆಗಲಿಗೆ ಹೋಗುವುದರಿಂದ ಬಲಗಡೆಗೆ ಮರೆಯೂ ಇಲ್ಲ. ಲೆಕ್ಕ ಮುಗಿಸಿ ತಿರುಗಿದರೆ ಮುಂದಿನ ಬೆಂಚಿನ ಹುಡುಗಿಯರೆಲ್ಲ ಒಟ್ಟಿಗೆ ಪುಸ್ತಕದೊಳಗೆ ತಲೆ ಹಾಕಿದ್ದರು. ನನ್ನ ಕುತ್ತಿಗೆಯ ಕೆಳಗೆ, ಎಲುಬಿನ ಹತ್ತಿರ ಕರ್ಚೀಫಿನ ನೀಲಿ ಅಂಚು ಇಣುಕುತ್ತಿತ್ತು. ಯಾರೂ ನಗಲಿಲ್ಲ, ನಕ್ಕಿದ್ದರೇ ವಾಸಿಯಿತ್ತು. ಸೆರಗನ್ನು ಮುದ್ದೆ ಮಾಡಿ ಎದೆಗೆ ಹಿಡಿದುಕೊಂಡು ಉಳಿದ ಪಾಠ ಮುಗಿಸಿದೆ. ಬಸ್ಸಿನಲ್ಲಿ ಬರುವಾಗ ಕೆಲಸ ಬಿಟ್ಟುಬಿಡುವ ಅರ್ಜಿಯನ್ನು ಮನಸ್ಸಿನಲ್ಲೇ ಬರೆದೂ ಆಗಿತ್ತು. ಇಪ್ಪತ್ತೆರಡು ವರ್ಷ ನಿಂತ ಬೋರ್ಡಿನ ಮುಂದೆ ಇನ್ನು ನಿಲ್ಲಲಾರೆ ಅನ್ನಿಸಿತು.

ಬಟವಾಡಿಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಅಂಗಡಿಗೆ ಹೋದೆ. ಅವತ್ತು ಅವರ ಕೈ ನೋಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಯ್ಯೋ ಪಾಪ ಎನ್ನುತ್ತಾರೆ, ಅಳುತ್ತಾರೆ ಅಂದುಕೊಂಡಿದ್ದೆ. ಅವರು ಬೈದರು.

"ಮೊದ್ಲಿನಂಗೆ ಅಂತ ಯಾಕ್ ಏಳ್ ಕಳ್ಸುದ್ರಿ ಮೇಡಂ? ಆರ್ ಬ್ಲೌಸು! ಆರಕ್ಕಾರೂ ದಂಡ ಮಾಡುಸ್ಬುಟ್ರಲ್ಲ ನನ್ ಕೈಲಿ."

"ಹೇಳೋಕೆ ನಾಚಿಕೆ ಆಯ್ತು ಅಕ್ಕ."

"ಡಾಕ್ಟ್ರಿಗ್ ತೋರ್ಸಕ್ ನಾಚ್ಕೆ ಇಲ್ಲ, ನನ್ಗ್ ಏಳಕ್ ನಾಚ್ಕೆನಾ? ಒಳಕ್ ಬನ್ನಿ."

ಬಾಗಿಲಿಗೆ ಪರದೆ ಎಳೆದರು. ಹದಿನೈದು ವರ್ಷದಲ್ಲಿ ಮೊದಲ ಸಲ ನನಗೆ ಟೇಪು ಹಿಡಿದರು. ಗಾಯ ಒಣಗಿ ಬಿಟ್ಟಿದ್ದ ಗೆರೆಯನ್ನು ಸ್ವಲ್ಪವೂ ಮುಖ ಸಿಂಡರಿಸದೆ, ತಮ್ಮ ಕಸುಬಿನವರೇ ಯಾರೋ ಮಾಡಿದ ಕೆಲಸ ಎನ್ನುವಂತೆ ಬಗ್ಗಿ ನೋಡಿದರು. "ಒಲ್ಗೆ ಚೆನ್ನಾಗೇ ಆಕವ್ರೆ. ಕಂಕುಳತ್ರ ವಸಿ ಎಳ್ಕಂಡೈತೆ. ಅಲ್ಲಿಗ್ ನಂದೊಂದ್ ಒಲ್ಗೆ ಬಂದ್ರೆ ಉಜ್ಜಿ ಉರಿಯತ್ತೆ, ಅಲ್ವಾ?" ಎಂದರು. ನಾನು ತಲೆಯಾಡಿಸಿದೆ. ಆ ಉರಿಯ ಬಗ್ಗೆ ಕೇಳಿದ ಮೊದಲ ಮನುಷ್ಯರು ಅವರು. ನನಗೆ ಅಲ್ಲೇ ಅಳು ಬಂತು. ಅತ್ತುಬಿಟ್ಟೆ. ಅವರು ಎಡಗಡೆಯ ಅಳತೆಯನ್ನು ಒಂದು ಸಾಲಿನಲ್ಲಿ, ಬಲಗಡೆಯದನ್ನು ಇನ್ನೊಂದು ಸಾಲಿನಲ್ಲಿ ಬರೆದುಕೊಂಡರು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದರೆ ಅದು ಸುಳ್ಳು. ನಾಲ್ಕು ದಿನ ಬಿಟ್ಟು ಕೊಟ್ಟ ಬ್ಲೌಸು ಹಾಕಿ ನೋಡಿದರೆ ಬಲಗಡೆ ಒಳಗೆ ಮೆತ್ತನೆಯ ಹತ್ತಿಯ ದಿಂಬೊಂದನ್ನು ಲೈನಿಂಗಿಗೆ ಸೇರಿಸಿ ಹೊಲಿದುಬಿಟ್ಟಿದ್ದರು. ಜಾರುವ ಹಾಗಿಲ್ಲ ನಿಜ. ಆದರೆ ನಾನು ಕೇಳಿದ್ದು ಅದಲ್ಲ. ಏನೂ ತುಂಬದೆ ಇರುವ ಹಾಗೇ ಇರಬೇಕು, ಕೈ ಎತ್ತಿದರೆ ನೋಯಬಾರದು, ಅಷ್ಟೆ ಎಂದು ಅಳತೆ ಕೊಡುವಾಗಲೇ ಹೇಳಿದ್ದೆ.

"ಯಾರು ಕೇಳಿದ್ರು ನಿಮ್ಮನ್ನ ಇದನ್ನ ಇಡೋಕೆ?" ಎಂದು ಎರಡು ಜನ ಗಿರಾಕಿಗಳ ಎದುರೇ ಕೂಗಾಡಿದೆ.

"ಬಾಯ್ಬುಟ್ ಕೇಳಕ್ ನಾಚ್ಕೋತೀರಾ ಅಂತ ನಾನೇ ಇಟ್ಟೆ. ಒಳ್ಳೇದ್ ಮಾಡಕ್ ಓದ್ರೆ ಇಂಗಂತೀರಲ್ಲ!" ಎಂದು ಅವರೂ ಕೂಗಿದರು. ಹೆಬ್ಬೆರಳಿನ ಗಂಟು ಕೆಂಪಗಾಗುವಷ್ಟು ಉಜ್ಜಿಕೊಂಡರು. ಬ್ಲೌಸನ್ನು ಮೇಜಿನ ಮೇಲೆ ಎಸೆದು ಬಂದೆ.

ಒಂದು ವಾರ ಆ ಓಣಿಯ ಕಡೆ ತಲೆ ಹಾಕಲಿಲ್ಲ. ಅಷ್ಟೂ ದಿನ ಸ್ಕೂಲಿಗೆ ರಜೆ ಹಾಕಿದೆ. ಭಾನುವಾರ ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ಯಾವ ಗಿರಾಕಿಯ ಮನೆ ಬಾಗಿಲಿಗೂ ಹೋದವರಲ್ಲ. ಕಾಫಿ ಕೊಟ್ಟರೆ ಕುಡಿಯಲಿಲ್ಲ, ಕೂರಲೂ ಇಲ್ಲ. ಚೀಲದಿಂದ ಹೊಸ ಬ್ಲೌಸು ತೆಗೆದು ನನ್ನ ಕೈಗಿಟ್ಟರು.

"ತಪ್ಪಾಯ್ತು ಕಣ್ ಮೇಡಂ. ನಿಮ್ಗ್ ಒಲೀಬೇಕಾಗಿತ್ತು, ನಾನು ನೋಡೋರ್ ಕಣ್ಣಿಗ್ ಒಲ್ದೆ. ಇದ್ನ ಆಕ್ಕಂಡ್ ನೋಡಿ. ಕೈ ಎತ್ತಿ, ಬೋರ್ಡ್ ಮೇಲ್ ಬರ್ಯಂಗೆ ಎತ್ತಿ."

ಗೋಡೆಯೇ ಬೋರ್ಡು ಎಂದುಕೊಂಡು ಕೈ ಎತ್ತಿದೆ, ಇಳಿಸಿದೆ. ಎಲ್ಲೂ ಎಳೆಯಲಿಲ್ಲ, ಎಲ್ಲೂ ಉಬ್ಬಲಿಲ್ಲ. ಬಲಗಡೆ ಚಪ್ಪಟೆ ಇತ್ತು, ಆದರೆ ಖಾಲಿ ಚೀಲದಂತೆ ಜೋತು ಬಿದ್ದಿರಲಿಲ್ಲ. ಬಟ್ಟೆ ನನ್ನ ಮೈಗೆ ಅಂಟಿಯೂ ಅಂಟದ ಹಾಗೆ ನಿಂತಿತ್ತು.

ಹೇಗೆ ಮಾಡಿದಿರಿ ಎಂದು ಕೇಳಿದ್ದಕ್ಕೆ ಆಗ ಕೂತರು, ಕಾಫಿಯನ್ನೂ ಕೇಳಿದರು. ಬ್ಲೌಸು ಕತ್ತರಿಸುವಾಗ ಯಾವ ಟೈಲರಾದರೂ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸುತ್ತಾರೆ, ಒಂದೇ ಸಲಕ್ಕೆ ಎಡ ಬಲ ಎರಡೂ ಸಿಗುತ್ತವೆ. ಇವರು ನನ್ನ ಬಟ್ಟೆಯನ್ನು ಮಡಿಸದೆ ಬಿಡಿಸಿ ಹಾಸಿ, ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಬೇರೆ ಬೇರೆ ಗುರುತು ಹಾಕಿ ಕತ್ತರಿಸಿದ್ದರು. ಎದೆಯ ಉಬ್ಬಿಗೆಂದು ಹಿಡಿಯುವ ಮಡಿಕೆ, ಅವರ ಮಾತಿನಲ್ಲಿ ಟಕ್ಸ್, ಎಡಕ್ಕೆ ಮಾತ್ರ. ಬಲಕ್ಕೆ ಹೆಗಲಿನಿಂದ ನಾಲ್ಕು ಸಣ್ಣ ನೆರಿಗೆ. ಊದಿಕೊಳ್ಳುವ ಬಲಗೈಗೆ ತೋಳು ಒಂದು ಬೆರಳು ಸಡಿಲ, ಕಂಕುಳಿನ ಹೊಲಿಗೆಯನ್ನು ಗಾಯದಿಂದ ಹಿಂದಕ್ಕೆ ತಳ್ಳಿದ್ದರು. "ನಲ್ವತ್ ವರ್ಸದಿಂದ ಮಡ್ಸೇ ಕತ್ತರ್ಸಿದ್ದು. ಬಟ್ಟೆ ಬುಡಿಸಿ ಕತ್ತರಿ ಇಡಕ್ ಮುಂಚೆ ಮೂರ್ ಸಲ ಗುರ್ತ್ ಅಳ್ಸಿ ಆಕ್ದೆ ಮೇಡಂ," ಎಂದರು.

ಸೋಮವಾರ ಆ ಬ್ಲೌಸು ತೊಟ್ಟು ಗುಬ್ಬಿಗೆ ಹೋದೆ. ಬೋರ್ಡಿನ ತುಂಬ ಬರೆದೆ. ಒಂದು ಗುಣಾಕಾರ ತಪ್ಪು ಮಾಡಿದೆ, ಹುಡುಗಿಯರು ಕಿಸಕ್ಕನೆ ನಕ್ಕರು, ನನಗೂ ನಗು ಬಂತು.

ದಂಡವಾಗಿದ್ದ ಆರು ಬ್ಲೌಸುಗಳನ್ನೂ ಅವರು ಒಂದೊಂದಾಗಿ ಬಿಚ್ಚಿ ಸರಿ ಮಾಡಿದರು. ಜೊತೆಗೆ ಹುಕುಂಗಳು. ತೆಳು ಸಿಂಥೆಟಿಕ್ ಸೀರೆ ಬೇಡ, ಸಣ್ಣ ಸಣ್ಣ ಹೂವಿನ ಕಾಟನ್ ಉಡಿ, ಕಣ್ಣು ಹೂವಿನ ಮೇಲೆ ಹೋಗುತ್ತದೆ. ಸೆರಗಿಗೆ ಒಂದೇ ಪಿನ್ನು ಹಾಕಿ ಒದ್ದಾಡಬೇಡಿ, ಹೆಗಲಿಗೊಂದು, ಕೆಳಗೊಂದು ಹಾಕಿ. ಹೇಳಿದ್ದು ಮರೆತರೆ ಬೀದಿಯಲ್ಲೇ ನಿಲ್ಲಿಸಿ ನನ್ನ ಸೆರಗು ಸರಿ ಮಾಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಈಗ ಯಾರೂ ನಿಲ್ಲಿಸುವುದಿಲ್ಲ.

ಆ ಮೇ ತಿಂಗಳಲ್ಲಿ ಕುಣಿಗಲ್‌ನಲ್ಲಿ ನನ್ನ ಗಂಡನ ತಂಗಿಯ ಮಗಳ ಮದುವೆ. ಸೋದರಮಾವ, ಅತ್ತೆ ಆದ ನಾವೇ ಹುಡುಗಿಯನ್ನು ಮಂಟಪಕ್ಕೆ ಕರೆದುಕೊಂಡು ಬರಬೇಕು. ಟೈಲರಮ್ಮ ರೇಷ್ಮೆ ಬ್ಲೌಸು ಹೊಲಿದುಕೊಟ್ಟಿದ್ದರು. ಬೆಳಿಗ್ಗೆ ಛತ್ರದ ಕೋಣೆಯಲ್ಲಿ ನಾನು ಸೀರೆ ಉಡುವಾಗ ನಾದಿನಿ ಬಾಗಿಲು ಹಾಕಿಕೊಂಡು ಬಂದಳು. ಕೈಯಲ್ಲಿ ಸ್ಪಂಜು ಇಟ್ಟು ಹೊಲಿದ ಬ್ರಾ.

"ಅತ್ತಿಗೆ, ವಿಡಿಯೋದವ್ರು ಬಂದವ್ರೆ. ಬೀಗರ ಕಡೆಯವ್ರೆಲ್ಲ ನೋಡ್ತಾರೆ. ಒಂದಿನದ್ ಮಟ್ಟಿಗೆ ಹಾಕ್ಕೊಳಿ, ನಿಮ್ ಕೈ ಮುಗೀತೀನಿ."

ಕೆಟ್ಟವಳಲ್ಲ. ಮಗಳ ಮದುವೆಯ ಗಾಬರಿ. ಅವಳ ಕಣ್ಣಲ್ಲಿ ನೀರು ಕಂಡು ನಾನು ಮೆತ್ತಗಾದೆ, ಅದನ್ನು ಕೈಗೆ ತೆಗೆದುಕೊಂಡೆ. ಅವಳು ಹೊರಗೆ ಹೋದ ಮೇಲೆ ಯಾಕೋ ಟೈಲರಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಮೆಷಿನ್ನಿನ ಸದ್ದು ನಿಂತಿತು.

"ಆಕ್ಕಳಿ ಮೇಡಂ, ಆಕ್ಕಬೇಕು ಅನ್ಸುದ್ರೆ. ಒಳ್ಗಡೆ ಮಾರ್ಜಿನ್ ಬುಟ್ಟಿದೀನಿ, ಒಂದ್ ಒಲ್ಗೆ ಬಿಚ್ಚುದ್ರೆ ಅದ್ಕೂ ಜಾಗ ಆಯ್ತದೆ. ಬ್ಯಾಡ ಅನ್ಸುದ್ರೆ ಅಂಗೇ ಓಗಿ. ಅವ್ರು ಅಂದ್ರು ಅಂತ ಮಾತ್ರ ಆಕ್ಕಬೇಡಿ."

ಫೋನು ಇಟ್ಟರು. ಒಳಗೆ ಮಾರ್ಜಿನ್ ಬಿಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ನಾಳೆ ನನ್ನ ಮನಸ್ಸು ಬದಲಾದರೆ ಅದಕ್ಕೂ ಅವರು ಜಾಗ ಇಟ್ಟಿದ್ದರು. ಬ್ರಾವನ್ನು ಮಡಿಸಿ ನಾದಿನಿಯ ಬ್ಯಾಗಿನಲ್ಲಿಟ್ಟು, ಬ್ಲೌಸು ಇದ್ದ ಹಾಗೇ ತೊಟ್ಟು ಹುಡುಗಿಯ ಕೈ ಹಿಡಿದು ಮಂಟಪಕ್ಕೆ ನಡೆದೆ. ನಾದಿನಿ ನನ್ನ ಮುಖ ನೋಡಿದಳು, ಆಮೇಲೆ ಮಗಳ ಮುಖ ನೋಡಿದಳು, ಮತ್ತೆ ಆ ಮಾತು ಎತ್ತಲಿಲ್ಲ. ಇಡೀ ಮದುವೆಯಲ್ಲಿ ಕೇಳಿದ್ದು ಒಬ್ಬರೇ, ಬೀಗರ ಕಡೆಯ ಒಬ್ಬ ಅಜ್ಜಿ. "ಒಂದ್ ಕಡೆ ತೆಗುದ್ಬುಟ್ರಾ ತಾಯಿ?" ಎಂದರು. ಹೂಂ ಅಜ್ಜಿ ಎಂದೆ. "ಈಗ ಉಷಾರಾಗಿದೀಯಾ? ಸರಿ, ಬಾ, ಎಲೆ ಆಕವ್ರೆ," ಎಂದು ಪಕ್ಕದಲ್ಲೇ ಕೂರಿಸಿಕೊಂಡರು.

ಆಮೇಲೆ ಪಕ್ಕದ ಕ್ಲಿನಿಕ್ಕಿನ ನರ್ಸು ನನ್ನಂಥವರನ್ನು ಆ ಅಂಗಡಿಗೆ ಕಳಿಸತೊಡಗಿದರು. ಗೂಳೂರಿನಿಂದ ಒಬ್ಬರು, ಗುಬ್ಬಿಯಿಂದ ಇಬ್ಬರು. ಟೈಲರಮ್ಮ ಎಲ್ಲರಿಗೂ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: "ತುಂಬ್ಸಿ ಬೇಕಾ, ಇದ್ದಂಗ್ ಬೇಕಾ?" ತುಂಬಿಸಿ ಬೇಕು ಎಂದವರಿಗೆ ಅಷ್ಟೇ ಅಚ್ಚುಕಟ್ಟಾಗಿ ತುಂಬಿಸಿ ಕೊಡುತ್ತಿದ್ದರು. ನನ್ನ ಜೊತೆ ಆಡಿದ ಜಗಳದಲ್ಲಿ ಕಲಿತದ್ದು ಎಂದು ಒಮ್ಮೆಯೂ ಒಪ್ಪಿಕೊಳ್ಳಲಿಲ್ಲ.

ಕಳೆದ ಕಾರ್ತಿಕದಲ್ಲಿ ಚೇಳೂರಿಗೆ ತಮ್ಮನ ಮನೆಗೆಂದು ಹೋದವರು ಅಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಗುಬ್ಬಿಯಿಂದ ಚೇಳೂರಿನ ಬಸ್ಸು ಹತ್ತಿ ಹೋದೆ. ಮಣ್ಣು ಮಾಡುವ ಹೊತ್ತಿಗೆ ಸರಿಯಾಗಿ ತಲುಪಿದೆ. ನನ್ನ ಪರಿಚಯ ಇಲ್ಲದ ಅವರ ಊರಿನ ಹೆಂಗಸರು ಯಾರಮ್ಮ ನೀವು ಎಂದು ಕೇಳಿದರು. ಗಿರಾಕಿ ಎಂದೆ. ಅಷ್ಟೇ ಹೇಳಿದ್ದು ಆಮೇಲೆ ಬಹಳ ದಿನ ಕೊರೆಯಿತು.

ತಿಂಗಳು ಕಳೆದ ಮೇಲೆ ಅವರ ಸೊಸೆ ಒಂದು ಪೊಟ್ಟಣ ತಂದುಕೊಟ್ಟಳು. ನನ್ನದೇ ಬ್ಲೌಸು, ಕತ್ತರಿಸಿ ಇಟ್ಟಿದ್ದರು, ಹೊಲಿದಿರಲಿಲ್ಲ. ಅದನ್ನು ಗುಬ್ಬಿಯಲ್ಲಿ ಸ್ಕೂಲಿನ ಹತ್ತಿರ ಹೊಸದಾಗಿ ಅಂಗಡಿ ತೆರೆದಿದ್ದ ಒಬ್ಬ ಹೆಂಗಸಿನ ಬಳಿ ತೆಗೆದುಕೊಂಡು ಹೋದೆ. ಅಂಗಡಿಯ ತುಂಬ ಜನ. ಆಕೆ ತುಂಡುಗಳನ್ನು ಮೇಜಿನ ಮೇಲೆ ಹರಡಿ, ಎಡದ್ದನ್ನು ಬಲದ್ದರ ಮೇಲಿಟ್ಟು ನೋಡಿ ಹುಬ್ಬು ಗಂಟಿಕ್ಕಿದಳು.

"ಯಾರ್ ಮೇಡಂ ಕತ್ತರ್ಸಿದ್ದು? ತಪ್ಪಾಗ್ ಕತ್ತರ್ಸವ್ರೆ. ಎರಡೂ ಕಡೆ ಒಂದೇ ಥರ ಬಂದಿಲ್ಲ."

ಮೊದಲಾಗಿದ್ದರೆ ಪೊಟ್ಟಣ ಸುತ್ತಿಕೊಂಡು ಹೊರಟುಬಿಡುತ್ತಿದ್ದೆ.

"ತಪ್ಪಿಲ್ಲಮ್ಮ, ಸರಿಯಾಗೇ ಕತ್ತರಿಸಿದ್ದಾರೆ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಾನಿರೋದೇ ಹೀಗೆ. ಹಾಗೇ ಹೊಲಿ."