ಕೆಂಪು ಚೀಟಿಯಿಲ್ಲದ ಹಲಗೆ

ಲಿಮಾದಲ್ಲಿ ಏಳುತ್ತಿದ್ದ ಒಂದು ವಸತಿ ಕಟ್ಟಡದಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವುದು ನೆಲ್ವಾಳ ಕೆಲಸ. ಕೆಂಪು ಚೀಟಿಯ ಪದ್ಧತಿಯನ್ನು ಅಲ್ಲಿಗೆ ತಂದವಳೂ ಅವಳೇ. ಅಪಾಯ ಕಂಡವರು ಯಾರೇ ಆಗಲಿ, ಬಾಗಿಲ ಬಳಿಯ ಹಲಗೆಗೆ ಚೀಟಿ ಅಂಟಿಸಿದರೆ ಸಾಕು, ಅದು ಸರಿಹೋಗುವವರೆಗೆ ಆ ಜಾಗದ ಕೆಲಸ ನಿಲ್ಲಬೇಕು. ಮೊದಮೊದಲು ಹಲಗೆ ತುಂಬ ಚೀಟಿಗಳಿದ್ದವು. ಆಮೇಲೆ ಕಂಪನಿಯವರು, ವಾರವಿಡೀ ಕೆಂಪು ಕಾಣದಿದ್ದರೆ ಶನಿವಾರ ಎಲ್ಲರ ಮನೆಗೂ ಸುಟ್ಟ ಕೋಳಿ ಎಂದರು. ಅಪಾಯಗಳು ಇದ್ದಲ್ಲೇ ಉಳಿದವು, ಚೀಟಿಗಳು ಮಾತ್ರ ಮಾಯವಾದವು.

ಈ ಶನಿವಾರ ಐದನೇ ಮಹಡಿಯಲ್ಲಿ, ಲಿಫ್ಟಿಗೆಂದು ಬಿಟ್ಟ ಆಳವಾದ ಗುಂಡಿಯ ಸುತ್ತಲಿನ ರೇಲಿಂಗನ್ನು ಸಾಮಾನು ಎಳೆದುಕೊಳ್ಳಲು ಯಾರೋ ಬಿಚ್ಚಿದ್ದರು. ಗುಂಡಿಗೆ ಬೆನ್ನು ಮಾಡಿ ಅವಳ ಗಂಡ ಎಲ್ಮರ್ ಗೋಡೆ ಕಟ್ಟುತ್ತಿದ್ದ. ನೆಲ್ವಾ ಹಲಗೆಗೆ ಅಂಟಿಸಲೆಂದು ಜೇಬಿನಿಂದ ಕೆಂಪು ಚೀಟಿ ತೆಗೆದಳು.

"ಅಕ್ಕಾ, ಆ ಚೀಟಿ ನಮ್ಮ ಕೋಳೀನೆಲ್ಲಾ ನುಂಗಿಬಿಡುತ್ತೆ!" ಎಂದು ಮುದುಕ ಇಲಾರಿಯೊ ನಕ್ಕ.

"ಸುಮ್ನಿರಿ ಮೇಸ್ತ್ರಿ. ಇವ್ರು ಬಿದ್ರೆ ಆ ಕೋಳಿ ನನ್ನ ಗಂಟಲಲ್ಲಿ ಇಳಿಯುತ್ತಾ?"

ಎಲ್ಮರ್ ಅವಳ ಕೈಯಿಂದ ಚೀಟಿ ಕಿತ್ತು ತನ್ನ ಜೇಬಿಗಿಟ್ಟುಕೊಂಡ. "ಮಧ್ಯಾಹ್ನ ರೇಲಿಂಗ್ ನಾನೇ ಕಟ್ತೀನಿ ಕಣೇ. ಹೆಂಡ್ತಿಯಿಂದ ಕೋಳಿ ತಪ್ಪಿತು ಅಂದ್ರೆ ನನ್ನ ಜೊತೆ ಯಾರು ಕೆಲ್ಸ ಮಾಡ್ತಾರೆ?"

ಅವಳು ಕೆಳಗಿಳಿದು ಹಲಗೆಗೆ ಇನ್ನೊಂದು ಚೀಟಿ ಅಂಟಿಸಿದಳು. ಎಂಜಿನಿಯರನ್ನು ಕರೆದುಕೊಂಡು ಬರುವಷ್ಟರಲ್ಲಿ ಅದೂ ಇರಲಿಲ್ಲ. "ಕೆಂಪು ಎಲ್ಲಿದೆಯಮ್ಮಾ?" ಎಂದು ಕೇಳಿ ಆತ ಹೊರಟುಹೋದ.

ನೆಲ್ವಾ ಮತ್ತೆ ಐದನೇ ಮಹಡಿ ಹತ್ತಿ, ಗಂಡನಿಗೂ ಗುಂಡಿಗೂ ನಡುವೆ ತಾನೇ ನಿಂತಳು. ಅಷ್ಟರಲ್ಲಿ ಏಳನೇ ಮಹಡಿಯಿಂದ ಯಾರೋ ಗಾಬರಿಯಲ್ಲಿ ಕೂಗಿದರು, "ಅಕ್ಕಾ, ಬೇಗ ಬನ್ನಿ!" ಚೀಟಿ ಕಾಣದ ಅಪಾಯ ಅಲ್ಲೂ ಇತ್ತು. ಅವಳಿಗೆ ಹೋಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.